ಬೀದಿ ಪರದೆಯ ತಪ್ಪುಗಳು

ಬೇಗೂರಿನ ಬೋರಯ್ಯನ ಕೈಯಲ್ಲಿ ಅಕ್ಷರ ಇತ್ತು, ಚಾಮರಾಜನಗರದ ಕನಕರಾಜುವಿನ ಕೈಯಲ್ಲಿ ಚಿತ್ರ ಇತ್ತು. ನಾಟಕದ ಪರದೆ ಬರೆಯುವ ಕಸುಬಿನಲ್ಲಿ ಇವೆರಡೂ ಬೇರೆ ಬೇರೆ ಕೈಯ ಕೆಲಸ. ಚಿತ್ರದವನು ಕಾಡು, ಅರಮನೆ, ಸೆರೆಮನೆ ಬರೆದು ಕೈ ತೊಳೆದುಕೊಂಡು ಎದ್ದುಹೋಗುತ್ತಿದ್ದ. ಆಮೇಲೆ ಅಕ್ಷರದವನು ಕುಕ್ಕರಗಾಲಲ್ಲಿ ಕೂತು, ಮೇಲ್ಗಡೆ ಮಂಡಳಿಯ ಹೆಸರು ಬರೆದು, ಕೆಳಗೆ ಬಲಗಡೆ ಮೂಲೆಯಲ್ಲಿ 'ಚಿತ್ರ: ಕನಕರಾಜು' ಅಂತ ಬರೆದು ಮುಗಿಸುತ್ತಿದ್ದ. ಕನಕರಾಜು ಶಾಲೆಯ ಮೆಟ್ಟಿಲು ಹತ್ತಿದವನಲ್ಲ, ತನ್ನ ಹೆಸರು ಬರೆಯಲು ಅವನಿಗೆ ಬರುತ್ತಿರಲಿಲ್ಲ. ಬೋರಯ್ಯ ಮೂರನೇ ಕ್ಲಾಸು ಮುಗಿಸಿದ್ದ. ಅಷ್ಟಕ್ಕೇ ಮೂವತ್ತೆಂಟು ವರ್ಷ ಇನ್ನೊಬ್ಬನ ಹೆಸರು ಬರೆಯುವ ಕೆಲಸ ಅವನ ಪಾಲಿಗೆ ಬಂತು. ಅಕ್ಷರದವನ ಹೆಸರು ಪರದೆಯ ಮೇಲೆ ಬರೆಯುವ ಪದ್ಧತಿ ಇರಲಿಲ್ಲ. ಬೇಡ ಅಂತ ಯಾರೂ ಹೇಳಿರಲಿಲ್ಲ, ಬರೆ ಅಂತಲೂ ಯಾರೂ ಹೇಳಲಿಲ್ಲ.

ಕನಕರಾಜುವಿನ ಕಾಡಿನ ಪರದೆಯಲ್ಲಿ ಒಂದು ಜಿಂಕೆ ಇತ್ತು. ನೆಲದ ಮೇಲೆ ಕೂತು ನೋಡಿದರೂ ಅದು ನಿಮ್ಮನ್ನೇ ನೋಡುತ್ತಿತ್ತು, ಹಿಂದೆ ಎತ್ತಿನಗಾಡಿಯ ಮೂಕಿಯ ಮೇಲೆ ನಿಂತು ನೋಡಿದರೂ ನಿಮ್ಮನ್ನೇ ನೋಡುತ್ತಿತ್ತು. ಸಂತೆಮರಹಳ್ಳಿ ಕಡೆಯ ಹೆಂಗಸರು ನಾಟಕ ಮುಗಿದ ಮೇಲೂ ಆ ಜಿಂಕೆಯ ಮುಂದೆ ನಿಂತಿರುತ್ತಿದ್ದರು. ಬೋರಯ್ಯನೂ ನಿಂತಿರುತ್ತಿದ್ದ. ಅವನಿಗೆ ಅದನ್ನು ನೋಡಿದಾಗಲೆಲ್ಲ ಎದೆಯ ಕೆಳಗೆ, ಹೊಟ್ಟೆಯ ಮೇಲೆ, ಹಸಿಮೆಣಸಿನಕಾಯಿ ಅರೆದು ಹಚ್ಚಿದ ಹಾಗೆ ಆಗುತ್ತಿತ್ತು. ಮನೆಗೆ ಬಂದು ಹಿಟ್ಟಿಗೆ ಕೈ ಹಾಕಿದರೆ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಣ್ಣ ಕಲಸಲು ಒಂದೇ ಮಡಕೆಯ ವಜ್ರದ ಅಂಟು, ಒಂದೇ ಡಬ್ಬದ ಪುಡಿ ಬಣ್ಣ, ಒಂದೇ ಬಟ್ಟೆ. ತಾನು ಜಿಂಕೆ ಬರೆದರೆ ಕೊಂಬಿನ ನಾಯಿ ಆಗುತ್ತಿತ್ತು. ಯಾಕೆ ಅಂತ ಯಾರನ್ನು ಕೇಳುವುದು?

ಆದರೆ ಅಂಥ ಜಿಂಕೆ ಬರೆದವನು ಸುಖವಾಗಿದ್ದ ಅಂತ ಯಾರೂ ಹೇಳುವ ಹಾಗಿರಲಿಲ್ಲ. ಪರದೆ ಮುಗಿಯುವ ಹೊತ್ತಿಗೆ ಕನಕರಾಜು ಊಟ ಬಿಡುತ್ತಿದ್ದ, ನಿದ್ದೆ ಬಿಡುತ್ತಿದ್ದ. "ಇದ ನಾನೇ ಬರ್ದೆನ್ಲಾ ಬೋರ? ನೀ ನೋಡ್ದಾ?" ಅಂತ ಹತ್ತು ಸಲ ಕೇಳುತ್ತಿದ್ದ. "ನೀನೇ ಬರ್ದೆ, ನಾ ಪಕ್ಕದಲ್ಲೇ ಕುಂತಿದ್ನಲ್ಲ" ಅಂದರೆ ಸ್ವಲ್ಪ ಸಮಾಧಾನ. ಇನ್ನೊಂದು ಗಳಿಗೆಗೆ ಅದೇ ಪ್ರಶ್ನೆ. ಒಂದು ಸಲ ನಾಳೆ ನಾಟಕ ಅನ್ನುವಾಗ, ಮುಗಿದ ಅರಮನೆಯ ಮೇಲೆ ಒಂದು ಬಕೆಟ್ ಸುಣ್ಣದ ನೀರು ಸುರಿದುಬಿಟ್ಟ. ಕಂಬಗಳೆಲ್ಲ ತನ್ನ ಕಡೆಗೆ ವಾಲುತ್ತಿದ್ದವಂತೆ. ಅವತ್ತು ಅವನನ್ನು ಹಿಡಿದು ಕೂರಿಸಿದವನೂ ಬೋರಯ್ಯನೇ. ಬೆನ್ನು ಸವರುತ್ತಾ ಕೂತಿದ್ದಾಗ, ಆ ಅರಮನೆ ಹಾಳಾಯಿತಲ್ಲ ಅಂತ ಒಳಗೊಳಗೇ ಚೂರು ಹಿತವೂ ಆಯಿತು. ಆ ಹಿತವನ್ನು ಅವನು ಯಾರಿಗೂ ಹೇಳಲಿಲ್ಲ, ಮರೆಯಲೂ ಇಲ್ಲ.

ಬೀದಿ ಪರದೆ ಆದದ್ದು ಅದರ ಮಾರನೇ ವರ್ಷ. ಗುಂಡ್ಲುಪೇಟೆಯ ಪುಟ್ಟಮಲ್ಲಪ್ಪ ನಾಟಕದ ಸೀನರಿ ಬಾಡಿಗೆಗೆ ಕೊಡುವವರು. ಆರು ಪರದೆ ಬರೆಯಲು ಹೇಳಿದ್ದರು, ಐದು ಮುಗಿದಿದ್ದವು. ಅಷ್ಟರಲ್ಲಿ ಕನಕರಾಜುವನ್ನು ಮೈಸೂರಿನ ಆಸ್ಪತ್ರೆಗೆ ಸೇರಿಸಬೇಕಾಯಿತು, ಎರಡು ತಿಂಗಳು. ಖಾಲಿ ಬಟ್ಟೆ, ಅವರು ಪರದೆ ಬರೆಯಲು ಹಿಡಿದಿದ್ದ ಅರಿಶಿನದ ಮಂಡಿಯ ನೆಲದ ಮೇಲೆ ಹಾಸಿಕೊಂಡು ಬಿದ್ದಿತ್ತು. ಬೋರಯ್ಯ ಬಾಗಿಲು ಹಾಕಿಕೊಂಡು ಹದಿನೆಂಟು ದಿನ ಕೂತು ಒಂದು ಬೀದಿ ಬರೆದ. ಎರಡು ಸಾಲು ಅಂಗಡಿ, ನಡುವೆ ಒಂದು ಎತ್ತಿನಗಾಡಿ, ಬಿಂದಿಗೆ ಹೊತ್ತ ಒಬ್ಬ ಹೆಂಗಸು, ಜಗಲಿಯ ಮೇಲೆ ಮಲಗಿದ ಒಬ್ಬ ಮುದುಕ. ಬರೆಯುವಾಗ ಅವನಿಗೆ ಹಸಿವಾಯಿತು, ರಾತ್ರಿ ನಿದ್ದೆಯೂ ಬಂತು. ಮುಗಿದ ಮೇಲೆ ಪುಟ್ಟಮಲ್ಲಪ್ಪ ನೋಡಿ, "ಪರ್ವಾಗಿಲ್ಲ ಕಣಯ್ಯ. ಮೂಲೇಲಿ ಕನಕರಾಜು ಅಂತ್ಲೇ ಬರಿ. ಬೇರೆ ಎಸರಿದ್ರೆ ಕನಕರಾಜು ಪರದೆ ಒಂದು ಕಮ್ಮಿ ಅಂತಾರೆ ಮಂಡಳಿಯವ್ರು" ಅಂದರು. ಬೋರಯ್ಯ ಬರೆದ. ಅವನು ಚಿತ್ರ ಬರೆದ ಪರದೆ ಅದೊಂದೇ.

ಆಮೇಲೆ ನಾಟಕಗಳು ಕಮ್ಮಿಯಾದವು, ಬೋರಯ್ಯ ಬರೆಯುತ್ತಿದ್ದ ಅಂಗಡಿ ಬೋರ್ಡುಗಳನ್ನು ಫ್ಲೆಕ್ಸ್ ನುಂಗಿತು. ಕನಕರಾಜು ಗುಳಿಗೆ ನುಂಗುವುದು ಖಾಯಂ ಆಯಿತು. "ಗುಳಿಗೆ ತಕ್ಕಂಡ್ರೆ ನಿದ್ದೆ ಬತ್ತದೆ ಕಣ್ಲಾ, ಗೆರೆ ಬರಕಿಲ್ಲ" ಅನ್ನುತ್ತಿದ್ದ. ಕೈ ನಡುಗುತ್ತಿತ್ತು. ಒಂಬತ್ತು ವರ್ಷದಿಂದ ಅವನು ಕುಂಚ ಮುಟ್ಟಿರಲಿಲ್ಲ.

ಹೀಗಿರುವಾಗ ಹೋದ ಮಾಘದಲ್ಲಿ ಮೈಸೂರಿನಿಂದ ಶಿವರಂಜನಿ ಅನ್ನುವ ಹುಡುಗಿ ಬಂದಳು. ಚಿತ್ರಕಲೆ ಓದಿ, ಅದನ್ನೇ ಪಾಠ ಮಾಡುವವಳು. ಕನಕರಾಜುವಿನ ಪರದೆಗಳನ್ನೆಲ್ಲ ಸೇರಿಸಿ ಮೈಸೂರಿನಲ್ಲಿ ದೊಡ್ಡ ಪ್ರದರ್ಶನ ಮಾಡುವ ಏರ್ಪಾಡು ಅವಳದು. ಪುಟ್ಟಮಲ್ಲಪ್ಪ ಬೋರಯ್ಯನಿಗೆ ಫೋನ್ ಮಾಡಿ, ಬಂದು ಸುರುಳಿ ಬಿಚ್ಚಿಸು ಅಂದರು. ಬೋರಯ್ಯ ಬೇಗೂರಿನಲ್ಲಿ ಬಸ್ ಹತ್ತಿ ಗುಂಡ್ಲುಪೇಟೆಗೆ ಹೋದ.

ಬಿದಿರ ಗಳಕ್ಕೆ ಸುತ್ತಿದ ಪರದೆಗಳನ್ನು ಒಂದೊಂದಾಗಿ ಇಳಿಬಿಟ್ಟರು. ಇಲಿ ಕಡಿದ ಅಂಚು, ಜೇಡರ ಬಲೆ, ಹಳೆ ಅಂಟಿನ ವಾಸನೆ. ಕಾಡಿನ ಪರದೆ ಬಿಚ್ಚಿಕೊಂಡಾಗ ಆ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಜಿಂಕೆ ಅವಳನ್ನೂ ನೋಡಿತು. ಬೋರಯ್ಯ ಗೋಡೆಯ ಕಡೆ ತಿರುಗಿ ನಿಂತ.

ಕೊನೆಗೆ ಬೀದಿ ಪರದೆ ಇಳಿಯಿತು. ಹುಡುಗಿ ಹತ್ತಿರ ಹೋದಳು, ಹಿಂದೆ ಬಂದಳು, ಮತ್ತೆ ಹತ್ತಿರ ಹೋದಳು. ಬೋರಯ್ಯ ಈ ಸಲ ಗೋಡೆಯ ಕಡೆ ತಿರುಗಲಿಲ್ಲ.

"ಇದು ಬೇರೆ ಥರ ಇದೆ ಅಲ್ವಾ ತಾತ? ಎಷ್ಟು ನೆಮ್ಮದಿಯಾಗಿದೆ! ಬೇರೆ ಎಲ್ಲದರಲ್ಲೂ ಏನೋ ತಳಮಳ ಇದೆ, ಇದರಲ್ಲಿ ಇಲ್ಲ. ಆ ಮಲಗಿರೋ ಅಜ್ಜನ್ನ ನೋಡಿ, ನಿಜವಾಗ್ಲೂ ನಿದ್ದೆ ಬಂದಿದೆ ಅವರಿಗೆ. ಇದನ್ನ ಬಾಗಿಲ ಎದುರಿಗೇ ಹಾಕ್ತೀನಿ, ಮೊದಲನೇದಾಗಿ."

"ಆಯ್ತು ಕಣವ್ವಾ" ಅಂದ ಬೋರಯ್ಯ. ನಂದು ಅದು, ನಾನು ಬರೆದದ್ದು ಅನ್ನುವ ಮಾತು ಹಲ್ಲಿನ ಹಿಂದೆ ಬಂದು ನಿಂತಿತ್ತು. ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳೇ, ಯಾವುದೋ ಇನ್ನೊಂದು ಸುರುಳಿ ತೋರಿಸಿ, "ಇದು ಅವರದಲ್ಲ ಅಂತ ಪುಟ್ಟಮಲ್ಲಪ್ಪ ಅವರು ಅಂದ್ರಲ್ಲ, ಬೇಡ ಬಿಡಿ. ಕನಕರಾಜು ಅವರದು ಮಾತ್ರ ತಗೋಬೇಕು ಅಂತ ನಮ್ಮ ಕರಾರು" ಅಂದಳು. ಬೋರಯ್ಯ ಬಾಯಿ ಮುಚ್ಚಿದ.

ಹೆಸರು ಹೇಳಿದರೆ ಪರದೆ ಇಲ್ಲೇ ಇಲಿಯ ಬಾಯಿಗೆ. ಹೇಳದಿದ್ದರೆ ಮೈಸೂರಿನಲ್ಲಿ, ಬಾಗಿಲ ಎದುರಿಗೆ, ಮೊದಲನೆಯದು. ಕನಕರಾಜುವಿನ ಜಿಂಕೆಗಿಂತ ಮೊದಲು. ಈ ಕೊನೆಯ ಮಾತು ಅವನಿಗೆ ಬೆಲ್ಲದ ಚೂರಿನ ಹಾಗೆ ಬಾಯಲ್ಲಿ ಉಳಿಯಿತು.

ಒಂದೊಂದು ಪರದೆಗೂ ಕನಕರಾಜುವಿನ ಒಪ್ಪಿಗೆ ಬೇಕಿತ್ತು, ಕಾಗದದ ಮೇಲೆ ಹೆಬ್ಬೆಟ್ಟು. ಅವಳ ಕಾರಿನಲ್ಲೇ ತೆರಕಣಾಂಬಿ ಮೇಲೆ ಚಾಮರಾಜನಗರಕ್ಕೆ ಹೋದರು. ಕನಕರಾಜು ಮನೆಯ ಮುಂದಿನ ಚಪ್ಪಡಿಯ ಮೇಲೆ ಕೂತಿದ್ದ. ಹೆಂಡತಿ ಚಿಕ್ಕಬಸಮ್ಮ ಅವರೆಕಾಯಿ ಸುಲಿಯುತ್ತಿದ್ದವಳು ಮೊರ ಪಕ್ಕಕ್ಕಿಟ್ಟು ಎದ್ದಳು.

"ಬಾರಪ್ಪ ಅಕ್ಸರದ ಸಾಹುಕಾರ. ಇವತ್ತೇನು ಕಾರಲ್ಲಿ ಬಂದ್ಬುಟ್ಟೆ, ಎಣ್ಣು ನೋಡಕ್ಕೆ ಬಂದಂಗೆ?" ಅಂದಳು.

"ನಿನ್ ಗಂಡ್ನ ನೋಡಕ್ಕೆ ಬಂದವ್ರೆ, ನಾ ಬಾಲ" ಅಂದ ಬೋರಯ್ಯ. ನಗುತ್ತಾ ಅಂದರೂ ಆ ಮಾತಿನಲ್ಲಿ ನಗು ಇರಲಿಲ್ಲ.

ಶಿವರಂಜನಿ ಮೊಬೈಲಿನಲ್ಲಿ ಒಂದೊಂದೇ ಪಟ ತೋರಿಸಿದಳು. ಕಾಡು, ಅರಮನೆ, ಸೆರೆಮನೆ, ಹೊಳೆ. ಕನಕರಾಜು ಕಣ್ಣು ಕಿರಿದು ಮಾಡಿ ನೋಡಿ, ಹೂಂ, ಹೂಂ ಅನ್ನುತ್ತಾ ಹೆಬ್ಬೆಟ್ಟು ಒತ್ತಿದ. ಬೀದಿ ಬಂತು.

"ಇದು ನಂದಲ್ಲ."

"ನಿಮ್ಮ ಹೆಸರಿದೆಯಲ್ಲ ತಾತ, ಇಲ್ಲಿ ಮೂಲೆಯಲ್ಲಿ?"

"ನಂದಲ್ಲ ಕಣವ್ವಾ. ನಾ ಯಾವತ್ತೂ ಬೀದಿ ಬರ್ದಿಲ್ಲ." ಕನಕರಾಜುವಿನ ದನಿ ಸ್ಥಿರವಾಗಿತ್ತು. ಬೋರಯ್ಯನ ಕಡೆ ತಿರುಗಿ, ಇದು ನಿಂದಲ್ವೇನ್ಲಾ ಅನ್ನುವ ಹಾಗೆ ನೋಡಿದ.

ಎಲ್ಲ ಅಲ್ಲೇ ನಿಂತಿತ್ತು. ಒಂದು ಮಾತು ಸಾಕಿತ್ತು. ಬೋರಯ್ಯನ ಬಾಯಿಂದ ಬಂದ ಮಾತು ಬೇರೆ.

"ನಿಂದೇ ಕಣೋ. ಮರ್ತ್ಬುಟ್ಟಿದ್ದೀಯ." ಆಮೇಲೆ ಹುಡುಗಿಯ ಕಡೆ ತಿರುಗಿ, ದನಿ ತಗ್ಗಿಸಿ, ಆದರೆ ಕನಕರಾಜುವಿಗೂ ಕೇಳುವಷ್ಟೇ ತಗ್ಗಿಸಿ, "ಇವ್ನು ಆಸ್ಪತ್ರೆಗೆ ಓಗೋ ಮುಂಚೆ ಬರ್ದಿದ್ದು ಕಣವ್ವಾ. ತಲೆ ಸರಿ ಇರ್ಲಿಲ್ಲ ಆಗ. ನೆಪ್ಪಿಲ್ಲ ಇವ್ನಿಗೆ. ನಾ ಪಕ್ಕದಲ್ಲೇ ಕುಂತಿದ್ದೆ" ಅಂದ.

ಕನಕರಾಜು ಮೊಬೈಲನ್ನು ಮತ್ತೆ ಇಸಕೊಂಡು ನೋಡಿದ. ಬಹಳ ಹೊತ್ತು ನೋಡಿದ. "ನಾನೇ ಬರ್ದೆನಾ? ನೀ ನೋಡ್ದಾ ಬೋರ?"

"ನೋಡ್ದೆ."

ಕನಕರಾಜು ಹೆಬ್ಬೆಟ್ಟು ಒತ್ತಿದ. ಗುರುತು ಕಲಸಿಹೋಯಿತು. ಇನ್ನೊಂದು ಸಲ ಒತ್ತಿಸಿಕೊಂಡರು.

ನಾಲ್ಕು ದಿನ ಬೋರಯ್ಯ ಬೇಗೂರಿನ ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಎಲ್ಲರ ಜೊತೆ ಜಾಸ್ತಿ ಮಾತಾಡಿದ. ಮೈಸೂರಿಗೆ ಯಾವ ಬಸ್ಸು ಬೇಗ ಹೋಗುತ್ತದೆ ಅಂತ ಕೇಳಿದ. ಐದನೇ ದಿನ ಬೆಳಿಗ್ಗೆ ಚಿಕ್ಕಬಸಮ್ಮನ ಫೋನ್ ಬಂತು.

"ಏನ್ ಮಾಡ್ಬುಟ್ಟೋದೆ ನೀನು? ನಿದ್ದೆ ಮಾಡಿಲ್ಲ ಕಣಪ್ಪಾ ಅವತ್ತಿಂದ. ಗುಳಿಗೆ ಬಾಯಿಗಿಟ್ರೆ ಉಗೀತಾರೆ. ಮನೇಲಿ ಇರೋದೆಲ್ಲ ತೋರ್ಸಿ, ಇದ ನಾ ಮಾಡಿದ್ನಾ, ಈ ಬಾಗ್ಲು ನಾ ಇಡ್ಸಿದ್ನಾ, ನಿನ್ನ ನಾ ಮದ್ವೆ ಆದ್ನಾ ಅಂತಾರೆ. ಆಗಿಲ್ಲ ಅಂದ್ಬುಡ್ಲಾ? ಗೋಡೇಲಿ ಆ ಚಿಕ್ಕ ನವಿಲಿತ್ತಲ್ಲ, ನಂಗೆ ಅಂತ ಬರ್ಕೊಟ್ಟಿದ್ದು, ಚಾಕು ತಕ್ಕಂಡು ಕೆರೀತಾ ಕುಂತವ್ರೆ. ಬೀದೀನೇ ನೆಪ್ಪಿಲ್ಲ ಅಂದ್ಮೇಲೆ ನವಿಲು ನಂದು ಅಂತ ಎಂಗೆ ನಂಬನಾ ಅಂತಾರೆ. ನೀ ಏನಂದೆ ಅವ್ರಿಗೆ?"

ಕನಕರಾಜು ಬದುಕೆಲ್ಲ ಹೆದರಿದ್ದು ಒಂದೇ ವಿಷಯಕ್ಕೆ, ತನ್ನ ಕಣ್ಣನ್ನು ತಾನು ನಂಬುವ ಹಾಗಿಲ್ಲ ಅಂತ. ಆ ಹೆದರಿಕೆ ಬಂದಾಗೆಲ್ಲ ಬೋರನನ್ನು ಕೇಳುತ್ತಿದ್ದ, ಬೋರ ಹೇಳಿದ್ದನ್ನು ಹಿಡಿದುಕೊಂಡು ನಿಲ್ಲುತ್ತಿದ್ದ. ಮೂವತ್ತೆಂಟು ವರ್ಷ ಬೋರ ಸುಳ್ಳು ಹೇಳಿರಲಿಲ್ಲ.

"ಬತ್ತೀನಿ ಇರು" ಅಂದ.

ಮಧ್ಯಾಹ್ನಕ್ಕೆ ಚಾಮರಾಜನಗರ ಮುಟ್ಟಿದ. ಕನಕರಾಜು ಚಾಕು ಕೆಳಗಿಟ್ಟು ಸುಮ್ಮನೆ ಕೂತಿದ್ದ. ಗೋಡೆಯಲ್ಲಿ ನವಿಲಿನ ಕಾಲು ಮಾತ್ರ ಉಳಿದಿತ್ತು.

"ಸುಳ್ಳೇಳ್ದೆ ಕಣ್ಲಾ. ಆ ಬೀದಿ ನಂದು. ನಾ ಬರ್ದಿದ್ದು."

ಕನಕರಾಜು ತಲೆ ಆಡಿಸಿದ. "ನಂಗೆ ಸಮಾಧಾನ ಮಾಡಕ್ಕೆ ಏಳ್ತಿದ್ದೀಯ. ಬಸಮ್ಮ ಕರ್ಸವ್ಳೆ."

"ಇಲ್ಲ ಕಣೋ, ಆಣೆಗೂ."

"ಅವತ್ತು ನಂದು ಅಂದೆ. ಇವತ್ತು ನಿಂದು ಅಂತೀಯ. ಯಾವ್ದ ನಂಬ್ಲಿ?"

ಬೋರಯ್ಯನ ಮಾತಿಗೆ ಬೆಲೆ ಹೋಗಿತ್ತು, ಕಳೆದವನು ಅವನೇ. ಕನಕರಾಜುವಿನ ತೋಳು ಹಿಡಿದು, "ಎದ್ದೇಳು, ಗುಂಡ್ಲುಪೇಟೆಗೆ ಓಗನ. ನನ್ ಮಾತು ಬ್ಯಾಡ. ನಿನ್ ಕಣ್ಣೇ ಏಳ್ಲಿ" ಅಂದ.

ಪುಟ್ಟಮಲ್ಲಪ್ಪನ ಉಗ್ರಾಣದಲ್ಲಿ ಪರದೆಗಳನ್ನು ಮೈಸೂರಿಗೆ ಕಳಿಸಲು ಕಟ್ಟಿಟ್ಟಿದ್ದರು. ಬೋರಯ್ಯ ಬೀದಿಯ ಸುರುಳಿಯ ಗಂಟು ಬಿಚ್ಚಿ ಇಳಿಬಿಟ್ಟ. ಕನಕರಾಜು ಎದುರಿಗೆ ಒಂದು ಪೆಟ್ಟಿಗೆಯ ಮೇಲೆ ಕೂತು, ಅಪರಾಧ ಮಾಡಿದವನ ಹಾಗೆ ತಲೆ ತಗ್ಗಿಸಿಕೊಂಡಿದ್ದ.

"ತಲೆ ಎತ್ತು. ಆ ಎತ್ತು ನೋಡು" ಅಂದ ಬೋರಯ್ಯ. "ಹಿಂಗಾಲು ಎಲ್ಲಿಂದ ಬಂದದೆ? ಹೊಟ್ಟೆಯಿಂದ. ನೀನು ಬರ್ದಿದ್ರೆ ಇಂಗ್ ಬರೀತಿದ್ಯಾ?"

ಕನಕರಾಜು ಮೆಲ್ಲಗೆ ತಲೆ ಎತ್ತಿದ.

"ಈ ಕಡೆ ಅಂಗಡಿ ನೆರಳು ಆ ಕಡೆಗೆ ಬಿದ್ದದೆ. ಆ ಕಡೆ ಅಂಗಡಿ ನೆರಳು ಈ ಕಡೆಗೆ ಬಿದ್ದದೆ. ಎಷ್ಟು ಸೂರ್ಯ ಅವ್ನೆ ಈ ಊರಲ್ಲಿ?"

ಬೋರಯ್ಯನಿಗೆ ಈ ತಪ್ಪುಗಳು ಹೊಸದಾಗಿರಲಿಲ್ಲ. ಪ್ರತಿಯೊಂದೂ ಅವನಿಗೆ ಗೊತ್ತಿತ್ತು, ಪ್ರತಿಯೊಂದನ್ನೂ ಅವನು ಎಷ್ಟೋ ವರ್ಷ ಮನಸ್ಸಿನಲ್ಲೇ ಮುಚ್ಚಿಟ್ಟು ಕಾಪಾಡಿಕೊಂಡು ಬಂದಿದ್ದ. ಈಗ ಒಂದೊಂದನ್ನೇ ತೆಗೆದು ಬೆಳಕಿಗೆ ಹಿಡಿಯುವಾಗ, ತನ್ನ ಮಗುವಿನ ಅಂಗಿ ಬಿಚ್ಚಿ ಗಾಯ ತೋರಿಸಿದ ಹಾಗೆ ಆಗುತ್ತಿತ್ತು. ಅದೂ ಯಾರಿಗೆ? ಇವನಿಗೆ.

"ಬಿಂದಿಗೆ ಎಂಗಸು. ಅವ್ಳ ಮನೆ ಬಾಗ್ಲು ಅವ್ಳ ಎದೆವರ್ಗೂ ಅದೆ. ಒಳಕ್ಕೆ ತೆವಳ್ಕಂಡು ಓಗ್ಬೇಕು. ಬೀದಿ ನೋಡು, ಮುಂದೆ ಎಷ್ಟಗ್ಲ ಅದೆಯೋ ಹಿಂದೂ ಅಷ್ಟೇ ಅಗ್ಲ. ಬೀದಿ ಓಗ್ತಾ ಇಲ್ಲ, ಗೋಡೆ ಹತ್ತಿ ಕುಂತದೆ."

ಬಾಗಿಲಲ್ಲಿ ನಿಂತಿದ್ದ ಪುಟ್ಟಮಲ್ಲಪ್ಪ, "ಏ ಬೋರಯ್ಯ, ಸಾಕು ಕಣಯ್ಯ. ನಾಳೆ ಮೈಸೂರಿಗೆ ಓಗೋ ಮಾಲು" ಅಂದರು.

"ಇದು ಓಗಕಿಲ್ಲ ಸ್ವಾಮಿ" ಅಂದ ಬೋರಯ್ಯ. ಮೊಬೈಲ್ ತೆಗೆದು, ಅಲ್ಲೇ, ಎಲ್ಲರಿಗೂ ಕೇಳುವ ಹಾಗೆ ಶಿವರಂಜನಿಗೆ ಹೇಳಿದ. "ಬೀದಿ ನಂದು ಕಣವ್ವಾ. ಅವ್ನಿಗೆ ನೆಪ್ಪು ಸರ್ಯಾಗೇ ಅದೆ. ಸುಳ್ಳೇಳಿದ್ದು ನಾನು." ಅವಳು, ಹಾಗಿದ್ದರೆ ಅದನ್ನು ತೆಗೆದುಕೊಳ್ಳಲು ಆಗುವುದಿಲ್ಲ ತಾತ ಅಂದಳು, ಬೇಜಾರು ಮಾಡಿಕೋಬೇಡಿ ಅಂದಳು. ಇಲ್ಲ ಬುಡವ್ವ ಅಂದ. ಬಾಗಿಲ ಎದುರಿನ ಜಾಗಕ್ಕೆ ಈಗ ಜಿಂಕೆ ಬರುತ್ತದೆ ಅಂತ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ತಿರುಗಿ ನೋಡಿದರೆ ಕನಕರಾಜು ಪೆಟ್ಟಿಗೆಯಿಂದ ಎದ್ದು ಪರದೆಯ ಹತ್ತಿರ ಹೋಗಿದ್ದ. ಮೂಗು ತಾಗುವಷ್ಟು ಹತ್ತಿರ. ಅವನ ಬೆನ್ನು ನೆಟ್ಟಗಾಗಿತ್ತು.

"ಲೋ ಬೋರ."

"ಏನ್ಲಾ?"

"ಇಷ್ಟೊಂದು ಅಂಗ್ಡಿ ಬರ್ದಿದ್ದೀಯ. ಬೋರ್ಡು ಅದೆ, ಜವಳಿ ಅಂತೆ, ದಿನಸಿ ಅಂತೆ, ಏನೇನೋ ಬರ್ದಿದ್ದೀಯ. ಅಂಗ್ಡಿಯವ್ನು ಎಲ್ಲಿ?"

ಬೋರಯ್ಯ ಹತ್ತಿರ ಬಂದ. ಎಡಗಡೆ ಏಳು ಅಂಗಡಿ, ಬಲಗಡೆ ಆರು. ಹದಿಮೂರು ಬೋರ್ಡು, ಒಂದೊಂದು ಅಕ್ಷರವೂ ಎರಕ ಹೊಯ್ದ ಹಾಗೆ. ಒಂದರೊಳಗೂ ಮನುಷ್ಯ ಇರಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಈ ಪರದೆಯನ್ನು ಸಾವಿರ ಸಲ ನೋಡಿದ್ದ. ಎತ್ತಿನ ಕಾಲು ಗೊತ್ತಿತ್ತು, ನೆರಳು ಗೊತ್ತಿತ್ತು, ಇದು ಗೊತ್ತಿರಲಿಲ್ಲ.

ಕನಕರಾಜು ನಗಲು ಶುರುಮಾಡಿದ. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. "ಅಕ್ಸರದವ್ನೇ ಬರ್ದಿದ್ದು! ಅಕ್ಸರದವ್ನಲ್ದೆ ಯಾವನೂ ಇಂಗೆ ಬರ್ಯಕ್ಕಿಲ್ಲ! ನಂದಲ್ಲ ಸ್ವಾಮಿ, ನಂದಲ್ಲ!" ಪುಟ್ಟಮಲ್ಲಪ್ಪನ ತೋಳು ಹಿಡಿದು ಅಲ್ಲಾಡಿಸಿದ. ಐದು ದಿನ ನಿದ್ದೆಯಿಲ್ಲದ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆಮೇಲೆ ನೆಲದ ಮೇಲೆ ಬಿದ್ದಿದ್ದ ಒಂದು ಇದ್ದಿಲ ಚೂರು ಎತ್ತಿಕೊಂಡ. "ತಡಿ, ಒಬ್ಬನ್ನ ಕೂರ್ಸ್ತೀನಿ."

ಒಂಬತ್ತು ವರ್ಷ ಕುಂಚ ಹಿಡಿಯದ ಕೈ ದಿನಸಿ ಅಂಗಡಿಯ ಕತ್ತಲೆಯ ಕಡೆಗೆ ಹೋಯಿತು. ನಡುಗುತ್ತಲೇ ಹೋಯಿತು, ಆದರೆ ಎಲ್ಲಿಗೆ ಹೋಗಬೇಕು ಅನ್ನುವುದು ಅದಕ್ಕೆ ಗೊತ್ತಿತ್ತು. ಬೋರಯ್ಯನಿಗೆ ಆ ಗಳಿಗೆಯಲ್ಲೇ ಎಲ್ಲ ಕಂಡುಹೋಯಿತು. ನಾಲ್ಕು ಗೆರೆ ಸಾಕು, ಅಲ್ಲಿ ಒಬ್ಬ ಅಂಗಡಿಯವನು ಕೂರುತ್ತಾನೆ, ಉಸಿರಾಡುತ್ತಾನೆ. ಆಮೇಲೆ ಈ ಬೀದಿಗೆ ಬಂದವರೆಲ್ಲ ಅವನನ್ನೇ ನೋಡುತ್ತಾರೆ. ಮುದುಕನ ನಿದ್ದೆಯನ್ನು ಯಾರೂ ನೋಡುವುದಿಲ್ಲ.

ಅವನು ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದ. ಗಟ್ಟಿಯಾಗಿ ಹಿಡಿದ.

"ಕೈ ತೆಗಿ. ನನ್ ಪರದೆ ಇದು."

ಇಬ್ಬರೂ ಹಾಗೇ ನಿಂತರು. ಕನಕರಾಜು ಹಿಡಿದ ಕೈ ನೋಡಿದ, ಬೋರನ ಮುಖ ನೋಡಿದ. ಅಲ್ಲಿ ಕಂಡದ್ದನ್ನು ಅವನು ಇಷ್ಟು ವರ್ಷ ಕಂಡಿರಲಿಲ್ಲವೋ, ಕಂಡೂ ಸುಮ್ಮನಿದ್ದನೋ, ಬೋರಯ್ಯನಿಗೆ ತಿಳಿಯಲಿಲ್ಲ.

"ನಿಂದೇ ಕಣ್ಲಾ" ಅಂದ ಕನಕರಾಜು, ಮೆತ್ತಗೆ. "ಮೊದ್ಲೇ ಅಂದೆನಲ್ಲ ನಾನು." ಇದ್ದಿಲನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

ಸಂಜೆಯ ಬಸ್ಸಿನಲ್ಲಿ ಅವನು ಬೋರಯ್ಯನ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋದ, ಬಾಯಿ ತೆರೆದುಕೊಂಡು, ಜಗಲಿಯ ಮುದುಕನ ಹಾಗೆ. ಹೆಗಲು ಜೋಮು ಹಿಡಿದರೂ ಬೋರಯ್ಯ ಅಲುಗಾಡಲಿಲ್ಲ. ಆ ಕೈಯನ್ನು ಹಿಡಿದು ನಿಲ್ಲಿಸಿದೆನಲ್ಲ ಅನ್ನುವ ಸಂಕಟ ಒಂದು ಕಡೆ, ನಿಲ್ಲಿಸದಿದ್ದರೆ ಏನಾಗುತ್ತಿತ್ತು ಅನ್ನುವ ಉರಿ ಇನ್ನೊಂದು ಕಡೆ. ಯಾವುದು ಹೆಚ್ಚು ಅಂತ ಕೇಳಿದ್ದರೆ ಅವನು ನಿಜ ಹೇಳುತ್ತಿರಲಿಲ್ಲ.

ಎರಡು ದಿನ ಕಳೆದು ಚಿಕ್ಕಬಸಮ್ಮ ಮತ್ತೆ ಫೋನ್ ಮಾಡಿದಳು. ಗುಳಿಗೆ ತಗೊಳ್ತಾರೆ, ನಿದ್ದೆ ಮಾಡ್ತಾರೆ ಅಂದಳು. ಮಾತು ಮುಗಿಸುವ ಮುಂಚೆ, ದನಿ ಸಣ್ಣದು ಮಾಡಿ, "ಒಂದೇಳ್ಬೇಕು ಕಣಪ್ಪಾ. ನವಿಲು ಕೆರ್ದಿದ್ರಲ್ಲ, ಆ ಜಾಗದಲ್ಲಿ ಇದ್ದಿಲಲ್ಲಿ ಏನೋ ಗೀಚವ್ರೆ ನೆನ್ನೆ. ಅಂಗ್ಡಿ ಇಟ್ಕಂಡಿರೋನು ಯಾರೋ" ಅಂದಳು.

"ಎಂಗದೆ?" ಅಂದ ಬೋರಯ್ಯ.

"ಗೆರೆ ಎಲ್ಲಾ ಸೊಟ್ಟ ಪಟ್ಟ. ಆದ್ರೆ ನಾ ಒಳಕ್ಕೂ ಹೊರಕ್ಕೂ ಓಡಾಡ್ತಿದ್ರೆ, ಏನ್ ಬೇಕಮ್ಮಿ ಅಂತ ಕೇಳೋ ಹಂಗೆ ನೋಡ್ತನೆ ಕಣಪ್ಪಾ ಅವ್ನು."

ಎದೆಯ ಕೆಳಗೆ, ಹೊಟ್ಟೆಯ ಮೇಲೆ, ಮೆಣಸಿನಕಾಯಿ ಅರೆದು ಹಚ್ಚಿದ ಹಾಗಾಯಿತು. ಹೆಂಡತಿ ಮುಂದಿಟ್ಟಿದ್ದ ತಟ್ಟೆಯನ್ನು ಬೋರಯ್ಯ ಪಕ್ಕಕ್ಕೆ ಸರಿಸಿದ.

"ಬೋರನ್ನ ಬರಕ್ಕೇಳು, ಅಂಗ್ಡಿಗೆ ಬೋರ್ಡು ಬರೀಲಿ ಅಂತವ್ರೆ" ಅಂದಳು ಚಿಕ್ಕಬಸಮ್ಮ.

"ಬರಕಿಲ್ಲ ಅನ್ನು."

"ಹಂಗೇ ಅಂದ್ಬುಡ್ಲಾ?"

ಅವಳು ಫೋನ್ ಇಡುವಷ್ಟರಲ್ಲಿ ಬೋರಯ್ಯ, ಆ ಗೋಡೆಗೆ ಸುಣ್ಣ ಹೊಡೆದು ಎಷ್ಟು ವರ್ಷ ಆಯಿತು, ಅಕ್ಷರದ ಬಣ್ಣ ಹಿಡಿಯುತ್ತದೋ ಇಲ್ಲವೋ ಅಂತ ಕೇಳಿದ.